ಒಂದು ಪುಸ್ತಕಕ್ಕೆ ಒಂದೇ ಸುಳ್ಳು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ. ಆ ಬೈಗುಳ ತಿಂದವನು ನಾನು, ಅದರ ರುಚಿ ನನಗೆ ಗೊತ್ತು. ತಾವು ತಿದ್ದಿದ ಯಾವ ಪುಸ್ತಕದಲ್ಲೂ ತಮ್ಮ ಹೆಸರು ಅಚ್ಚಾಗಲು ಅವರು ಬಿಟ್ಟದ್ದಿಲ್ಲ. ಲೇಖಕರು ಮುನ್ನುಡಿಯಲ್ಲಿ ಕೃತಜ್ಞತೆ ಹೇಳಿ ಹೆಸರು ಸೇರಿಸಿದರೆ, ಕರಡು ತಿದ್ದುವಾಗ ಮೊದಲು ಹೊಡೆದುಹಾಕುತ್ತಿದ್ದದ್ದೇ ಆ ಸಾಲನ್ನು. ಓದುವವರಿಗೆ ತಾನು ಯಾಕೆ ಬೇಕು ಎಂಬುದು ಅವರ ವಾದ. ನಾವೆಲ್ಲ ಅವರನ್ನು ಮೇಡಂ ಅನ್ನುತ್ತಿದ್ದೆವು. ಇಲ್ಲೂ ಮೇಡಂ ಅಂತಲೇ ಇರಲಿ.

ಮೇಡಂ ನಂಜನಗೂಡಿನವರು. ಕೆಲಸ ಮಾಡಿದ್ದು ತಿ. ನರಸೀಪುರದಲ್ಲಿ. ಆ ಕೆಲಸ ಏನೆಂದು ಹೇಳಿದರೆ ಎರಡೂ ಊರಿನವರು ನಗುತ್ತಾರೆ. ಅಂತರಿಕ್ಷದ ಕತೆ, ಮಾಯಾಲೋಕದ ಕತೆ, ಇಂಥ ಪುಸ್ತಕಗಳಿಗೇ ಮೀಸಲಾದ ಸಂಪಾದಕಿ ಅವರು. ಕನ್ನಡದಲ್ಲಿ ಇಂಥದ್ದೊಂದು ಹುದ್ದೆ ಇದೆಯೇ ಎಂದು ಕೇಳಬೇಡಿ. ಇತ್ತು, ಅವರು ಅದರಲ್ಲಿದ್ದರು. ಈ ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರು ಇನ್ನು ಸಣ್ಣ ಅಕ್ಷರದ ಸಹವಾಸ ಬೇಡ ಅಂದರಂತೆ. ಮೇಡಂ ಪೆನ್ಸಿಲ್ ಕೆಳಗಿಟ್ಟರು. ಅವರು ಕೆಲಸ ಮಾಡುತ್ತಿದ್ದ ಪ್ರೆಸ್ಸಿನ ಯಜಮಾನರು ನನಗೆ ಫೋನ್ ಮಾಡಿ, "ಮೇಡಮ್ಮೋರು ನಿಲ್ಲಿಸ್ಬುಟ್ರು ಸಾ. ಅವ್ರ ಬಗ್ಗೆ ನೀವೊಂದು ಬರ್ಕೊಡಿ. ಅಚ್ಚಾದ್ಮೇಲೆ ಅವ್ರು ಏನ್ ಮಾಡಕಾಯ್ತದೆ?" ಅಂದರು. ಅವರ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಆ ಪ್ರೆಸ್ಸು ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದೆ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಚುನಾವಣೆ ಬಂದರೆ ಕರಪತ್ರ, ಇಷ್ಟು ಅದರ ವ್ಯಾಪಾರ. ಯಜಮಾನರಿಗೆ ಚಿಕ್ಕಂದಿನಿಂದ ಮಾಂತ್ರಿಕರ ಕತೆಗಳ ಹುಚ್ಚು. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಮಿಷನ್ನು ಸುಮ್ಮನೆ ಕೂತಿರುತ್ತದೆ. ಕೂತ ಮಿಷನ್ನಿನಲ್ಲಿ ತಮಗೆ ಬೇಕಾದ ಪುಸ್ತಕವನ್ನೇ ಯಾಕೆ ಅಚ್ಚು ಹಾಕಬಾರದು ಅಂತ ಅವರಿಗೆ ಹೊಳೆಯಿತು. ಹೀಗಾಗಿ ನಮ್ಮ ಕಡೆಯ ರಾಕೆಟ್ಟು, ರಾಕ್ಷಸರು, ಮಂಗಳಗ್ರಹದ ರಾಣಿಯರೆಲ್ಲ ಆಷಾಢದಲ್ಲೇ ಹುಟ್ಟಿದವರು. ಶ್ರಾವಣ ಬಂತೆಂದರೆ ಮತ್ತೆ ಲಗ್ನಪತ್ರಿಕೆ. ಆಷಾಢ ತಪ್ಪಿಸಿಕೊಂಡ ಪುಸ್ತಕ ಮುಂದಿನ ಆಷಾಢದವರೆಗೆ ಕಾಯಬೇಕು.

ಮೇಡಂ ಅಲ್ಲಿಗೆ ಬಂದದ್ದೂ ಲಗ್ನಪತ್ರಿಕೆಯ ದೆಸೆಯಿಂದಲೇ. ಆಗ ಅವರು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ತಿಂಡಿ ಕಾರ್ಖಾನೆಯ ಲ್ಯಾಬಿನಲ್ಲಿದ್ದರು. ಪ್ರತಿ ಪಾಳಿಯ ಮಾಲು ತಂದು ಒಡೆದು, ಕರಗಿಸಿ, ಒಳಗೇನಿದೆ ನೋಡುವ ಕೆಲಸ. ಅಣ್ಣನ ಮಗಳ ಮದುವೆ ಕಾರ್ಡಿಗೆಂದು ನರಸೀಪುರಕ್ಕೆ ಬಂದವರು, ಮೇಜಿನ ಮೇಲೆ ಒಣಗಲು ಹರಡಿದ್ದ ಇನ್ಯಾರದೋ ಕಾರ್ಡು ಎತ್ತಿಕೊಂಡು ಓದಿದ್ದಾರೆ. ಅವರದು ದೇವಸ್ಥಾನಕ್ಕೆ ನಡೆದುಕೊಂಡ ಮನೆತನ, ಅಪ್ಪ ಪಂಚಾಂಗ ನೋಡುತ್ತಿದ್ದವರು. ಕಾರ್ಡಿನಲ್ಲಿ ಹಾಕಿರುವ ಈ ಲಗ್ನದ ಹೊತ್ತು ಅವತ್ತು ಬೆಳಿಗ್ಗೆಯೇ ಮುಗಿದಿರುತ್ತದಲ್ಲ, ಇವರು ಸಂಜೆ ತಾಳಿ ಕಟ್ಟಿಸುತ್ತಿದ್ದಾರಲ್ಲ ಅಂತ ಕೇಳಿದರಂತೆ. ಯಜಮಾನರು ಓಡಿಹೋಗಿ ಮಿಷನ್ನು ನಿಲ್ಲಿಸಿದರು. ಮೇಡಂ ಮೊದಲು ಭಾನುವಾರ ಮಾತ್ರ ಬಂದು ಕರಡು ನೋಡಿ ಹೋಗುತ್ತಿದ್ದರು. ಆಮೇಲೆ ಕಾರ್ಖಾನೆಗೆ ರಾಜೀನಾಮೆ ಕೊಟ್ಟು ಬೆಳಗಿನ ಬಸ್ಸು ಹಿಡಿದು ದಿನಾ ಬರತೊಡಗಿದರು. ಮನೆಯವರು ಏನಂದರೋ ಗೊತ್ತಿಲ್ಲ. ಅಂದದ್ದನ್ನು ಇವರು ಕೇಳಿರಲಿಕ್ಕಿಲ್ಲ.

ಕುಳ್ಳಗಿನ ಹೆಂಗಸು. ನೂಲಿನ ಸೀರೆ, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ಲು. ಲೇಖಕನನ್ನು ಎದುರಿಗೆ ಕೂರಿಸಿಕೊಂಡು ಅವನ ಹಸ್ತಪ್ರತಿಯನ್ನು ಅವನೆದುರಿಗೇ ಓದುವುದು ಅವರ ಪದ್ಧತಿ. ಆ ಹೊತ್ತಿನಲ್ಲಿ ಕಾಫಿ ಇಲ್ಲ, ಮಾತಿಲ್ಲ. ಓದುತ್ತಾ ಓದುತ್ತಾ ಒಂದು ವಾಕ್ಯವನ್ನು ನಂಬಲಾಗದಿದ್ದರೆ ಕನ್ನಡಕವನ್ನು ಹಣೆಗೇರಿಸಿ ಬರೆದವನ ಮುಖ ನೋಡುತ್ತಿದ್ದರು. ಕನ್ನಡಕ ಹಣೆಗೆ ಹೋಯಿತೆಂದರೆ ಅಧ್ಯಾಯವೂ ಹೋಯಿತು ಅಂತ ನಾವು ಆಡಿಕೊಳ್ಳುತ್ತಿದ್ದೆವು. ಬೆಂಗಳೂರಿನಿಂದ ಬಂದ ಹೆಸರುವಾಸಿ ಲೇಖಕರೊಬ್ಬರು ಆ ನೋಟ ತಡೆಯಲಾರದೆ, ಮೈಸೂರಿನಲ್ಲಿ ಅರ್ಜೆಂಟ್ ಕೆಲಸವಿದೆ ಅಂತ ಎದ್ದು ಹೋದದ್ದನ್ನು ನಾನೇ ನೋಡಿದ್ದೇನೆ. ಕಾದಂಬರಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದರು ಮಾರಾಯರು.

ಅವರದು ಒಂದೇ ಕಾನೂನು. ಒಂದು ಪುಸ್ತಕಕ್ಕೆ ಒಂದೇ ಸುಳ್ಳು. "ಮನುಷ್ಯ ಹಾರ್ತಾನೆ ಅನ್ನಿ, ಒಪ್ಕೋತೀನಿ. ಆಮೇಲೆ ಅವನಿಗೆ ಹಸಿವಾಗಲ್ಲ ಅನ್ನಬೇಡಿ. ಅದು ಎರಡನೇ ಸುಳ್ಳು," ಅನ್ನುತ್ತಿದ್ದರು. ಎರಡನೆಯದಕ್ಕೆ ಮಾತ್ರ ಯಾವ ಕಾರಣಕ್ಕೂ ಒಪ್ಪುತ್ತಿರಲಿಲ್ಲ. ದೈತ್ಯ ಹದ್ದಿನ ಮೇಲೆ ಕೂತು ಯುದ್ಧಕ್ಕೆ ಹೋಗುವ ರಾಣಿಯ ಕತೆ ತಂದ ಮೈಸೂರಿನ ಹುಡುಗಿಯೊಬ್ಬಳಿಗೆ, ಆ ಹದ್ದು ದಿನಕ್ಕೆ ಎಷ್ಟು ಕುರಿ ತಿನ್ನುತ್ತದೆ, ಆ ಕುರಿ ಯಾರ ಮನೆಯವು ಎಂದು ಕೇಳಿದರು. ಹುಡುಗಿ ಅಳುತ್ತಾ ಹೋದಳು. ತಿಂಗಳಾದ ಮೇಲೆ ನಗುತ್ತಾ ಬಂದಳು. ಅವಳ ಕತೆಯಲ್ಲಿ ಈಗ ಕುರಿ ಕಳಕೊಂಡವರೆಲ್ಲ ಸೇರಿ ಅರಮನೆಯ ಬಾಗಿಲಿಗೆ ಬಂದು ಕೂತಿದ್ದರು, ರಾಣಿಗೆ ಹೊರಗೆ ಬರಲು ಮುಖವಿರಲಿಲ್ಲ.

ಎರಡು ಚಂದ್ರರಿರುವ ಗ್ರಹದ ಕತೆ ಬರೆದ ಹೈಸ್ಕೂಲು ಮೇಷ್ಟರೊಬ್ಬರ ಪಾಡು ಇನ್ನೂ ಚೆನ್ನ. ಬೆಳದಿಂಗಳಿನ ವರ್ಣನೆಯನ್ನೇ ಪುಟಗಟ್ಟಲೆ ಬರೆದುಕೊಂಡು ಬಂದಿದ್ದರು. ಮೇಡಂ ಎಲ್ಲ ಓದಿ ಮುಗಿಸಿ, "ಅದೆಲ್ಲ ಸರಿ ಮೇಷ್ಟ್ರೇ, ಇವರಿಗೆ ಅಮಾವಾಸ್ಯೆ ಯಾವತ್ತು? ಹಿರಿಯರಿಗೆ ಎಡೆ ಯಾವ ಚಂದ್ರನ್ನ ನೋಡಿ ಇಡ್ತಾರೆ?" ಅಂದರು. ಮೇಷ್ಟರು ಆ ಪ್ರಶ್ನೆಯನ್ನು ಹೊತ್ತುಕೊಂಡು ಮನೆಗೆ ಹೋದವರು ವರ್ಷವಿಡೀ ಬರೆದರು. ದೊಡ್ಡ ಚಂದ್ರನ ಒಕ್ಕಲು, ಸಣ್ಣ ಚಂದ್ರನ ಒಕ್ಕಲು ಅಂತ ಜನ ಎರಡಾಗಿ, ದೊಡ್ಡ ಚಂದ್ರನ ಮನೆಯ ಹೆಣ್ಣು ಸಣ್ಣ ಚಂದ್ರನ ಮನೆಗೆ ಸೊಸೆಯಾಗಿ ಹೋಗಿ, ಸತ್ತ ತನ್ನ ಅಪ್ಪನಿಗೆ ಹಿತ್ತಲಲ್ಲಿ ಕದ್ದು ಎಡೆ ಇಡುವ ಆ ಕತೆಯನ್ನು ಓದಿ ನಾನಂತೂ ಅತ್ತಿದ್ದೇನೆ. ನರಸೀಪುರದಲ್ಲಿ ಕೂತು ಮಾಡಿದ ಕೆಲಸ ಇದು. ಬೇರೆ ಎಲ್ಲಾದರೂ ಇದು ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಎಲ್ಲರಿಗೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. ಯಾವ ಗ್ರಹವಾಗಲಿ, ಯಾವ ಯುಗವಾಗಲಿ, ಅಲ್ಲಿ ಪಾತ್ರೆ ತೊಳೆಯುವವರು ಯಾರು? ಕಸ ಎತ್ತುವವರು ಯಾರು? ಬಸ್ಸಿಗೆ ಕಾಯುವಾಗ ಒಮ್ಮೆ, ಈ ಪ್ರಶ್ನೆ ಎಲ್ಲಿಂದ ಬಂತು ಮೇಡಂ ಅಂತ ಕೇಳಿದೆ. ಅವರು ಮುಚ್ಚಿಡಲಿಲ್ಲ. ಅವರು ಚಿಕ್ಕವರಿದ್ದಾಗ ನಂಜನಗೂಡಿನ ಮನೆಯ ಹಿತ್ತಲ ಬಾಗಿಲಿಗೆ ದಿನಾ ಒಬ್ಬ ಹೆಂಗಸು ಬರುತ್ತಿದ್ದಳಂತೆ, ಕಕ್ಕಸು ತೊಳೆದು ಹೋಗುತ್ತಿದ್ದಳಂತೆ. ಒಂದು ದಿನ ಬರಲಿಲ್ಲ. ಅವಳ ಹೆಸರೇನೆಂದು ಕೇಳಿದರೆ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ, ತಾನು ಓದುವ ಯಾವ ಪುಸ್ತಕದಲ್ಲೂ ಅಂಥವಳು ಹೆಸರಿಲ್ಲದೆ ಇರಕೂಡದು ಅಂದರು. ಅಷ್ಟರಲ್ಲಿ ಅವರ ಬಸ್ಸು ಬಂತು.

ಇನ್ನು ನನ್ನ ವಿಷಯ. ನಾನು ಹೆಮ್ಮರಗಾಲದವನು. ನಮ್ಮದು ಬೌದ್ಧರ ಮನೆ, ಅಪ್ಪನ ಕಾಲದಲ್ಲಿ ದೀಕ್ಷೆ ತೆಗೆದುಕೊಂಡದ್ದು. ಅದಕ್ಕೆ ಮುಂಚೆ ನಮ್ಮ ಅಜ್ಜಂದಿರನ್ನು ಊರು ಎಲ್ಲಿಟ್ಟಿತ್ತು, ಅವರಿಂದ ಏನು ಕೆಲಸ ಮಾಡಿಸುತ್ತಿತ್ತು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ನೀರಾವರಿ ಇಲಾಖೆಯಲ್ಲಿ ಜೂನಿಯರ್ ಎಂಜಿನಿಯರು, ನಾಲೆಯ ನೀರಿನ ಜೊತೆಗೇ ಬದುಕು. ನನ್ನ ಮೊದಲ ಕಾದಂಬರಿಯೂ ನೀರಿನದೇ. ಭೂಮಿ ಬಿಟ್ಟು ಹೊರಟ ಒಂದು ನೌಕೆ. ತಲೆಮಾರುಗಳ ಪ್ರಯಾಣ. ಹೊರಟಾಗ ತುಂಬಿಕೊಂಡ ನೀರನ್ನೇ ಶುದ್ಧಮಾಡಿ ಮತ್ತೆ ಮತ್ತೆ ಕುಡಿಯಬೇಕು. ಬರೆದು ಮುಗಿಸಿದಾಗ ಇದು ಒಳ್ಳೆಯ ಪುಸ್ತಕವೆಂದು ನನಗೇ ಗೊತ್ತಿತ್ತು. ಆ ಮಾತಿಗೆ ಸುಳ್ಳು ವಿನಯ ಯಾಕೆ?

ಮೇಡಂ ಓದಿದರು. ನೀರಿನ ಲೆಕ್ಕವನ್ನೆಲ್ಲ ಒಪ್ಪಿದರು. ಆಮೇಲೆ ಕನ್ನಡಕ ಹಣೆಗೆ ಹೋಯಿತು. ಹೊಲಸು ನೀರಿನ ತೊಟ್ಟಿಯ ತಳದಲ್ಲಿ ಗಷ್ಟು ಕೂರುತ್ತದಲ್ಲ, ಅದನ್ನು ಬಳಿದು ತೆಗೆಯುವವರು ಯಾರು? ಮಿಷನ್ನು ಅಂದೆ. ಮಿಷನ್ನು ಕೆಟ್ಟರೆ? ಒಳಗೆ ಇಳಿಯುತ್ತಾರೆ. ಯಾರು? ಎಲ್ಲರೂ, ಸರದಿಯ ಮೇಲೆ ಅಂದೆ. ಮೇಡಂ ತಲೆಯಾಡಿಸಿಬಿಟ್ಟರು. ಮನುಷ್ಯರು ಹಾಗಿಲ್ಲ, ಮೂರು ತಲೆಮಾರು ಕಳೆಯುವಷ್ಟರಲ್ಲಿ ಆ ಕೆಲಸ ಯಾವುದೋ ಒಂದು ಮನೆಯವರ ತಲೆಗೆ ಬಿದ್ದಿರುತ್ತದೆ, ಅವರನ್ನು ನೌಕೆಯ ಮೂಲೆಗೆ ತಳ್ಳಿರುತ್ತಾರೆ, ಅದನ್ನು ಬರೆಯಿರಿ, ಅದೇ ನಿಮ್ಮ ಕಾದಂಬರಿ ಅಂದರು. ಅಲ್ಲೇ ಕೂತಿದ್ದ ಯಜಮಾನರ ಕಣ್ಣು ಅರಳಿತು. "ಅಂಗೆ ಬರದ್ರೆ ಅವಾರ್ಡ್ ಬತ್ತದೆ ಸಾ. ಗ್ಯಾರಂಟಿ," ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಂಥವರು ಬರೆದರೆ ನೋವೇ ಇರಬೇಕು ಅಂತ ಇವರಿಗೆಲ್ಲ ಯಾರು ಹೇಳಿಕೊಟ್ಟರೋ! ಎದ್ದು ನಿಂತೇ ಹೇಳಿದೆ.

"ಮೇಡಂ, ಆ ಕತೆ ಬರೆಯೋಕೆ ನಾನು ನಕ್ಷತ್ರದವರೆಗೂ ಹೋಗಬೇಕಾಗಿರಲಿಲ್ಲ. ನಮ್ಮ ಬೀದಿಯಲ್ಲೇ ಕೂತು ಬರೀಬಹುದಿತ್ತು. ಅದಿಲ್ಲದ ಒಂದು ಜಾಗ ಬೇಕು ಅಂತಲೇ ಅಷ್ಟು ದೂರ ಹೋಗಿದ್ದು. ಒಂದು ಸುಳ್ಳಿಗೆ ಅವಕಾಶ ಇದೆಯಲ್ಲ, ಎಲ್ಲರೂ ಅದನ್ನ ರಾಕೆಟ್ಟಿಗೆ ಖರ್ಚು ಮಾಡ್ತಾರೆ. ನಾನು ಇದಕ್ಕೆ ಖರ್ಚು ಮಾಡ್ತೀನಿ. ಎಲ್ಲರಿಗೂ ಸರದಿ ಬರತ್ತೆ. ಅಷ್ಟೇ."

ಹಸ್ತಪ್ರತಿ ಎತ್ತಿಕೊಂಡು ಹೊರಡಬೇಕು ಅಂದುಕೊಂಡೆ. ಮೇಡಂ ಕನ್ನಡಕ ಕೆಳಗಿಳಿಸಿ, ಕೂತ್ಕೊಳ್ಳಿ ಅಂದರು.

"ಆಯ್ತು, ನಿಮ್ಮ ಸುಳ್ಳು ನಿಮ್ಮದು. ಆದರೆ ಅರ್ಧ ಹೇಳಿ ಓಡಿಹೋಗ್ತಿದ್ದೀರಲ್ಲ. ಎಲ್ಲರಿಗೂ ಸರದಿ ಅಂತೀರಿ, ಕ್ಯಾಪ್ಟನ್ನಿನ ಸರದಿ ಬಂದ ದಿನ ಎಲ್ಲಿದೆ? ಅದನ್ನ ಬರೀರಿ. ನಾನು ನಂಬೋ ಹಾಗೆ ಬರೆದರೆ ಒಂದಕ್ಷರ ಬದಲಾಯಿಸದೆ ಅಚ್ಚಿಗೆ ಕೊಡ್ತೀನಿ. ಇಲ್ಲದಿದ್ದರೆ ಈ ಆಷಾಢಕ್ಕೆ ನಿಮ್ಮ ಪುಸ್ತಕ ಇಲ್ಲ ಕಣ್ರೀ."

ಒಳ್ಳೆಯ ಸಂಪಾದಕರು ಎಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಮಾತನ್ನೇ ಹೇಳುತ್ತೇನೆ. ನನ್ನ ಸಿಟ್ಟನ್ನು ಅವರು ತಣ್ಣಗೆ ಮಾಡಲಿಲ್ಲ, ಅದನ್ನೇ ನನಗೆ ಕೆಲಸವಾಗಿ ಕೊಟ್ಟರು. ಮನೆಗೆ ಹೋಗಿ ಬರೆಯಲು ಕೂತರೆ ತಿಳಿಯಿತು, ಆ ದಿನವನ್ನು ನಾನು ಮರೆತದ್ದಲ್ಲ, ಹೆದರಿ ಬಿಟ್ಟದ್ದು. ಕ್ಯಾಪ್ಟನ್ನು ತೊಟ್ಟಿಯ ಬಾಯಿಗೆ ಬಂದು ನಿಲ್ಲುತ್ತಿದ್ದ. ಇಳಿಯುತ್ತಿರಲಿಲ್ಲ. ಎಳೆದು ತಂದರೆ ಭಾಷಣ ಮಾಡುತ್ತಿದ್ದ, ನೌಕೆಯ ಜನ ಕಣ್ಣೀರು ಹಾಕಿ ಚಪ್ಪಾಳೆ ತಟ್ಟುತ್ತಿದ್ದರು. ಅದನ್ನೇ ಒಯ್ದು ಕೊಟ್ಟೆ. ಇವನೇನು ನಾಟಕದ ಕಂಪನಿಯ ಕ್ಯಾಪ್ಟನ್ನೇನ್ರೀ ಅಂತ ವಾಪಸ್ ಕೊಟ್ಟರು. ಇನ್ನೊಂದು ಸಲ ಬರೆದೆ. ಈ ಸಲ ಕ್ಯಾಪ್ಟನ್ನನ್ನು ಜನ ಬಲವಂತದಿಂದ ಇಳಿಸಿದರು. ಹಾಗಾದರೆ ಮನುಷ್ಯರು ಹಾಗಿಲ್ಲ ಅಂತ ನಾನು ಹೇಳಿದ್ದೇ ಸರಿಯಾಯ್ತಲ್ಲ ಅಂದರು ಮೇಡಂ. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಚುಚ್ಚಿತು. ಮದುವೆಗಳು ಮುಗಿಯುತ್ತಾ ಬಂದಿದ್ದವು, ಆಷಾಢ ಬಾಗಿಲಲ್ಲೇ ಇತ್ತು. ಎಲ್ಲರೂ ಸಮ ಅಂತ ಬರೆದವನಿಗೆ ಒಬ್ಬ ಮನುಷ್ಯನನ್ನು ತೊಟ್ಟಿಗೆ ಇಳಿಸಲು ಆಗಲಿಲ್ಲವೆಂದರೆ, ನನ್ನ ಮಾತನ್ನು ನಾನೇ ನಂಬಿಲ್ಲವೇ ಅಂತ ಭಯವಾಯಿತು. ಪುಸ್ತಕ ಹೋದರೂ ತಡೆದುಕೊಳ್ಳುತ್ತಿದ್ದೆನೇನೋ. ಇದನ್ನು ತಡೆದುಕೊಳ್ಳುವುದು ಕಷ್ಟವಿತ್ತು.

ನಮ್ಮೂರಿನಲ್ಲಿ ನಾವು ಕಟ್ಟಿಕೊಂಡ ಸಣ್ಣ ವಿಹಾರವಿದೆ. ಹುಣ್ಣಿಮೆಗೆ ಎಲ್ಲರೂ ಸೇರುತ್ತೇವೆ, ವಂದನೆ ಆದ ಮೇಲೆ ಊಟ. ಅಡುಗೆಯ ಮೇಲುಸ್ತುವಾರಿ ನಮ್ಮವ್ವನದು. ಊಟ ಆದ ಮೇಲೆ ಪಾತ್ರೆ ತೊಳೆಯುವುದು ಅವತ್ತು ಅವ್ವನ ಕಣ್ಣಿಗೆ ಬಿದ್ದವರ ಕೆಲಸ. ಆ ಹುಣ್ಣಿಮೆ ನಾನೂ ಒಂದು ತಪ್ಪಲೆ ಉಜ್ಜುತ್ತಾ ಕೂತಿದ್ದೆ, ತಲೆಯ ತುಂಬ ಕ್ಯಾಪ್ಟನ್ನು. ಪಕ್ಕದಲ್ಲಿ ನಮ್ಮ ಚಿಕ್ಕಪ್ಪ. ತಹಸೀಲ್ದಾರರಾಗಿ ನಿವೃತ್ತರಾದವರು, ಕಚೇರಿಯಲ್ಲಿ ಅವರನ್ನು ಕಂಡರೆ ಜನ ಎದ್ದು ನಿಲ್ಲುತ್ತಿದ್ದರು. ಈಗ ಪಂಚೆ ಎತ್ತಿ ಕಟ್ಟಿ, ಸಾರಿನ ಕೊಳದಪ್ಪಲೆಗೆ ಬೂದಿ ಹಾಕಿ ತಿಕ್ಕುತ್ತಾ, ಯಾವುದೋ ಹಳೆಯ ವರ್ಗಾವಣೆಯ ಕತೆ ಹೇಳುತ್ತಿದ್ದರು. ನಡುನಡುವೆ ಸೊಂಟ ನೋವು ಅಂತ ಗೊಣಗಾಟ. ಪಾಯಸ ಉಳಿದಿದೆಯೇ ಅಂತ ಒಳಗೆ ಕೂಗಿ ಕೇಳಿದರು. ಅವರ ಕಡೆಗೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ತಪ್ಪಲೆಯನ್ನು ಅಲ್ಲೇ ಬಿಟ್ಟು ಕೈ ಒರೆಸಿಕೊಂಡು ವಿಹಾರದ ಮೆಟ್ಟಿಲ ಮೇಲೆ ಕೂತು ಬರೆದೆ. ಅವ್ವ ಬೈಯುತ್ತಲೇ ಇತ್ತು, ನಾನು ಏಳಲಿಲ್ಲ. ಅಧ್ಯಾಯ ಬಹಳ ಚಿಕ್ಕದಾಯಿತು. ಕ್ಯಾಪ್ಟನ್ನಿನ ಸರದಿ ಬಂತು, ಇಳಿದ, ಬಳಿದ, ಮೇಲೆ ಬಂದ, ಮೈ ತೊಳೆದುಕೊಂಡು ಉಪ್ಪಿಟ್ಟು ಉಳಿದಿದೆಯೇ ಅಂತ ಕೇಳಿದ. ಅವತ್ತು ನೌಕೆಯ ಜನಕ್ಕೆಲ್ಲ ಬೇರೆ ಯಾವುದೋ ಜಗಳ, ಯಾರ ಮಗುವಿಗೆ ಯಾರ ಹೆಸರಿಡಬೇಕು ಎಂಬುದರ ಬಗ್ಗೆ. ಅವನಿಗೆ ಉತ್ತರ ಕೊಡಲೂ ಯಾರಿಗೂ ಪುರುಸೊತ್ತಿರಲಿಲ್ಲ.

ಮೇಡಂ ಓದಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. ಮತ್ತೆ ಮೊದಲಿನಿಂದ ಓದಿದರು. ಪೆನ್ಸಿಲ್ಲನ್ನು ತುರುಬಿಗೆ ಸಿಕ್ಕಿಸಿಕೊಂಡು ಕಿಟಕಿಯ ಕಡೆ ನೋಡುತ್ತಾ ಕೂತರು.

"ಅವನು ಇಳೀಬೇಕು ಅಂದರೆ ದೊಡ್ಡ ಮನುಷ್ಯನಾಗಿರಬೇಕು ಅಂತ ನಾನು ಅಂದುಕೊಂಡಿದ್ದೆ," ಅಂದರು. "ಇಳಿಯೋದು ಅಷ್ಟು ದೊಡ್ಡ ವಿಷಯ ಅಂತ ನಮ್ಮ ಮನೇಲಿ ಕಲಿತಿದ್ದು. ಅದೇ ನನ್ನ ತಪ್ಪು ಕಣ್ರೀ. ಅವನು ಇಳಿದರೂ ಯಾರೂ ನೋಡದೇ ಇರೋ ದಿನ ಒಂದಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಎಲ್ಲಿ ಸಿಕ್ಕಿತು ಇದು?"

ನಮ್ಮೂರಲ್ಲಿ ಅಂದೆ. ಚಿಕ್ಕಪ್ಪನ ಕತೆ ಹೇಳಿದೆ. ಮೇಡಂ ನಕ್ಕರು. ಹಾಗಾದರೆ ಇದು ಸುಳ್ಳೇ ಅಲ್ಲವಲ್ಲ, ನಿಮ್ಮ ಪಾಲಿನ ಸುಳ್ಳು ಇನ್ನೂ ಹಾಗೇ ಉಳಿದಿದೆ, ರಾಕೆಟ್ಟಿಗೆ ಇಟ್ಟುಕೊಳ್ಳಿ ಅಂದರು. ಯಜಮಾನರು ಅವಾರ್ಡಿನ ಮಾತು ಇನ್ನೊಮ್ಮೆ ತೆಗೆದು ನೋಡಿದರು. ಈ ಪುಸ್ತಕ ಹೀಗೇ ಅಚ್ಚಾಗುತ್ತದೆ, ಬೇಡವೆಂದರೆ ಶ್ರಾವಣದ ಲಗ್ನಪತ್ರಿಕೆಗಳನ್ನು ನೀವೇ ನೋಡಿಕೊಳ್ಳಿ ಅಂತ ಮೇಡಂ ಹೇಳಿದ ಮೇಲೆ ಅವರು ತೆಪ್ಪಗಾದರು.

ಪುಸ್ತಕ ಆ ಆಷಾಢದಲ್ಲೇ ಬಂತು. ಅವಾರ್ಡು ಬರಲಿಲ್ಲ. ಜನ ಓದಿದರು, ಮತ್ತೆ ಅಚ್ಚಾಯಿತು, ಇವತ್ತಿಗೂ ಯಾರಾದರೂ ಸಿಕ್ಕಿದರೆ ಕ್ಯಾಪ್ಟನ್ನಿಗೆ ಕೊನೆಗೆ ಉಪ್ಪಿಟ್ಟು ಸಿಕ್ಕಿತೇ ಅಂತ ಕೇಳುತ್ತಾರೆ. ನನಗೆ ಅಷ್ಟು ಸಾಕು. ಆಮೇಲೆ ಬಂದ ಲೇಖಕರಿಗೆ ಮೇಡಂ ತಮ್ಮ ಹಳೆಯ ಪ್ರಶ್ನೆಯ ಹಿಂದೆಯೇ ಇನ್ನೊಂದನ್ನು ಸೇರಿಸಿ ಕೇಳುತ್ತಿದ್ದರಂತೆ. ಆ ಕಸ ಎತ್ತುವ, ಪಾತ್ರೆ ತೊಳೆಯುವ ಕೆಲಸ ಮಾಡುವವರು ಅವತ್ತು ಬೇರೆ ಏನನ್ನು ಯೋಚಿಸುತ್ತಿದ್ದರು ಅಂತ. ಅದಕ್ಕೆ ಉತ್ತರ ಹುಡುಕಲು ಹೋಗಿ ಎಷ್ಟೋ ಜನ ಒಳ್ಳೆಯ ಕಾದಂಬರಿಕಾರರಾದರು.

ಪೆನ್ಸಿಲ್ ಕೆಳಗಿಟ್ಟ ಮೇಲೆ, ಮೊನ್ನೆ ಹುಣ್ಣಿಮೆಗೆ ಮೇಡಂ ನಮ್ಮೂರಿಗೆ ಬಂದರು. ಕರೆದದ್ದು ನಾನಲ್ಲ, ಬರುತ್ತೇನೆ ಅಂತ ಅವರೇ ಹೇಳಿ ಬಂದದ್ದು. ವಂದನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತರು. ಪಂಕ್ತಿಯಲ್ಲಿ ನಮ್ಮ ಚಿಕ್ಕಪ್ಪನ ಪಕ್ಕದಲ್ಲಿ ಕೂತು ಊಟ ಮಾಡಿದರು, ಸಾರು ಎರಡನೇ ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಕಂಬಕ್ಕೆ ಒರಗಿ ಚಿಕ್ಕಪ್ಪನ ಬಾಯಿಂದಲೇ ಆ ವರ್ಗಾವಣೆಯ ಕತೆ ಹೇಳಿಸುತ್ತಿದ್ದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ನಮ್ಮವ್ವನ ದನಿ ಬಂತು.

"ಯಾರವ್ವ ಅಲ್ಲಿ ಒರಗ್ಕಂಡಿರೋದು? ಎದ್ ಬನ್ನಿ, ಪಾತ್ರೆ ಅವೆ."

ಅವರು ಯಾರೆಂದು ಹೇಳೋಣ ಅಂತ ನಾನು ಎದ್ದೆ. ಮೇಡಂ ನನ್ನನ್ನು ಕಣ್ಣಲ್ಲೇ ಕೂರಿಸಿದರು. ಸೆರಗು ಸಿಕ್ಕಿಸಿಕೊಂಡು ಹೋಗಿ, ಅನ್ನದ ದೊಡ್ಡ ಪಾತ್ರೆ ಎಳೆದುಕೊಂಡು ನಲ್ಲಿಯ ಹತ್ತಿರ ಕೂತರು. ಅದನ್ನು ಉಜ್ಜಿ ಮುಗಿಸುವಷ್ಟರಲ್ಲಿ ಉಳಿದವರದೆಲ್ಲ ಆಗಿತ್ತು. ತಂದು ಅವ್ವನ ಮುಂದೆ ಕಲ್ಲಿನ ಮೇಲೆ ಬೋರಲು ಹಾಕಿದರು. ಅವ್ವ ಪಾತ್ರೆಯನ್ನು ತಿರುಗಿಸಿ, ಬಿಸಿಲಿಗೆ ಹಿಡಿದು, ಒಳಗೆ ಬೆರಳಾಡಿಸಿತು.

"ತಳದಾಗೆ ಸೀದಿರೋದು ಅಂಗೇ ಅದೆ ಕಣವ್ವ. ಇನ್ನೊಂದ್ಸಲ ಉಜ್ಕೊಂಡ್ ಬನ್ನಿ."

ಇಷ್ಟು ವರ್ಷ ನಮ್ಮೆಲ್ಲರ ಅಧ್ಯಾಯಗಳನ್ನು ವಾಪಸ್ ಕೊಟ್ಟವರ ಕೈಗೆ ಪಾತ್ರೆ ವಾಪಸ್ ಬಂದದ್ದನ್ನು ಕಣ್ಣಾರೆ ಕಂಡೆ, ನನ್ನ ಜನ್ಮ ಸಾರ್ಥಕವಾಯಿತು. ಮೇಡಂ ಪಾತ್ರೆ ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ, ಅಲ್ಲಿ ಕೈ ತೊಳೆಯುತ್ತಿದ್ದವರಿಗೆ ಸ್ವಲ್ಪ ಸರೀರಿ ಅಂದು, ಮತ್ತೆ ಕೂತರು.